ಎರಡು ವರ್ಷದ ಷರತ್ತು: ಆಮ್ಸ್ಟೆಲ್‌ವೇನ್‌ನಲ್ಲಿ ಬಾಡಿಗೆಗಿದ್ದ ಒಂದು ಕುಟುಂಬದ ಪ್ರಕರಣ

ಹಿನ್ನೆಲೆ

ಆಮ್ಸ್ಟರ್‌ಡ್ಯಾಮಿನ ದಕ್ಷಿಣಕ್ಕೆ ಅಂಟಿಕೊಂಡಿರುವ ಆಮ್ಸ್ಟೆಲ್‌ವೇನ್‌ನಲ್ಲಿ ಬಾಡಿಗೆ ಮನೆ ಹಿಡಿದು, ಎರಡು ವರ್ಷಗಳ ಬಳಿಕ ಅದನ್ನು ಬಿಡಬೇಕಾಗಿ ಬಂದ ಕನ್ನಡ ಕುಟುಂಬವೊಂದರ ಪ್ರಕರಣವನ್ನು ಅವರ ಒಪ್ಪಿಗೆಯೊಂದಿಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಗುರುತು ಸಿಗಬಾರದೆಂದು ಬಡಾವಣೆಯ ಹೆಸರು, ಶಾಲೆಯ ಹೆಸರು ಮತ್ತು ಉದ್ಯೋಗದ ವಿವರಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ಸುಮಾರಾಗಿ ಹೇಳಿದ್ದೇನೆ. ಕರಾರಿನ ಸ್ವರೂಪ, ಘಟನೆಗಳ ಕ್ರಮ ಮತ್ತು ಆಯಾ ಹಂತದಲ್ಲಿ ಅವರು ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದಂತೆಯೇ ಇವೆ. ಎರಡನೆಯ ವರ್ಷದಲ್ಲಿ ಅವರ ಕಾಗದಪತ್ರಗಳನ್ನು ಕೂತು ಓದಿದ್ದರಿಂದ ಈ ಪ್ರಕರಣವನ್ನು ನಾನು ಹತ್ತಿರದಿಂದ ಬಲ್ಲೆ.

ಪತಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಡಚ್ ಕಂಪನಿಯೊಂದಕ್ಕೆ ಆಯ್ಕೆಯಾಗಿ 2023ರ ಬೇಸಿಗೆಯಲ್ಲಿ ಇಲ್ಲಿಗೆ ಬಂದರು. ಪತ್ನಿ, ಆರು ವರ್ಷದ ಮಗ ಮತ್ತು ಕೈಗೂಸಾಗಿದ್ದ ಮಗಳು ಅವರ ಜೊತೆಗಿದ್ದರು. ಕಂಪನಿ ಕೊಟ್ಟಿದ್ದ ತಾತ್ಕಾಲಿಕ ವಸತಿ ಕೆಲವೇ ವಾರಗಳದ್ದು. ನೆದರ್ಲೆಂಡ್ಸ್‌ನಲ್ಲಿ ನೆಲೆಸಲು ಬಂದವರು ಐದು ದಿನಗಳೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಆ ನೋಂದಣಿಯಿಂದಲೇ ಬಿಎಸ್‌ಎನ್ ಎಂಬ ನಾಗರಿಕ ಸಂಖ್ಯೆ ಸಿಗುತ್ತದೆ, ಬ್ಯಾಂಕ್ ಖಾತೆ, ಸಂಬಳ, ಆರೋಗ್ಯ ವಿಮೆ, ಶಾಲೆ ಎಲ್ಲವೂ ಅದರ ಮೇಲೆ ನಿಂತಿರುತ್ತವೆ. ಹೀಗಾಗಿ ಹೊಸಬರಿಗೆ ಮನೆ ಹುಡುಕುವ ಅವಸರ ಬೇರೆ ಯಾವ ಅವಸರಕ್ಕಿಂತಲೂ ದೊಡ್ಡದು, ಮತ್ತು ಕರಾರನ್ನು ನಿಧಾನವಾಗಿ ಓದಬೇಕಾದ ಹೊತ್ತಿನಲ್ಲೇ ಅದು ಅತಿ ಹೆಚ್ಚಾಗಿರುತ್ತದೆ.

ಆಮ್ಸ್ಟೆಲ್‌ವೇನ್‌ನತ್ತ ಅವರು ಮುಖ ಮಾಡಿದ್ದಕ್ಕೆ ಕಾರಣ ಸ್ಪಷ್ಟವಾಗಿತ್ತು. ಅಲ್ಲಿ ಭಾರತೀಯ ಕುಟುಂಬಗಳು ಬಹಳ, ದಿನಸಿ ಅಂಗಡಿಗಳಿವೆ, 25ನೇ ಸಂಖ್ಯೆಯ ಟ್ರಾಮ್ ಹತ್ತಿದರೆ ಆಮ್ಸ್ಟರ್‌ಡ್ಯಾಮಿನ ಜೌಡ್ ನಿಲ್ದಾಣದ ಸುತ್ತಲಿನ ಕಚೇರಿಗಳಿಗೆ ನೇರವಾಗಿ ಹೋಗಬಹುದು, ಪಕ್ಕದಲ್ಲೇ 1930ರ ದಶಕದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ನೆಟ್ಟು ಬೆಳೆಸಲು ಆರಂಭಿಸಿದ, ಸುಮಾರು ಸಾವಿರ ಹೆಕ್ಟೇರಿನ ಆಮ್ಸ್ಟರ್‌ಡಾಮ್ಸೆ ಬೊಸ್ ಎಂಬ ಕಾಡಿದೆ. ಬಡಾವಣೆಗಳು ಬಹುತೇಕ ಸಾಲುಮನೆಗಳವು: ಎರಡು ಮಹಡಿ, ಕಡಿದಾದ ಮೆಟ್ಟಿಲು, ಮುಂದೆ ಅಂಗೈಯಗಲದ ತೋಟ, ಹಿಂದೆ ಸೈಕಲ್ ಇಡುವ ಮರದ ಕೊಠಡಿ. ಒಳಬೀದಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರು; ಕೆಲವು ಬೀದಿಗಳು ‘ವೂನ್‌ಎರ್ಫ್’ ಮಾದರಿಯವು, ಅಲ್ಲಿ ರಸ್ತೆಯ ನಡುವೆ ಆಡುವ ಮಕ್ಕಳಿಗಾಗಿ ಕಾರು ಹೆಚ್ಚುಕಡಿಮೆ ನಡಿಗೆಯ ವೇಗದಲ್ಲಿ ಚಲಿಸಬೇಕು. ಚಿಕ್ಕ ಮಕ್ಕಳಿರುವವರು ಇಂಥ ಜಾಗವನ್ನು ಬಯಸುವುದು ಸಹಜ.

ಮೊದಲ ತೀರ್ಮಾನ

ಕೊನೆಗೆ ಅವರ ಮುಂದೆ ಎರಡು ಮನೆಗಳು ಉಳಿದವು. ಒಂದು ಆಮ್ಸ್ಟೆಲ್‌ವೇನ್‌ನಲ್ಲೇ, ಟ್ರಾಮ್ ನಿಲ್ದಾಣದ ಸಮೀಪ. ಸೋಫಾ, ಮಂಚ, ಪಾತ್ರೆ, ಪರದೆ ಎಲ್ಲ ಇರುವ ಸಾಲುಮನೆ, ಬಾಡಿಗೆ ತಿಂಗಳಿಗೆ ಸುಮಾರು 2,600 ಯೂರೊ. ಮನೆಯ ಒಡೆಯರು ಅಲ್ಲಿಯೇ ವಾಸವಿದ್ದವರು, ಕೆಲಸದ ಮೇಲೆ ಎರಡು ವರ್ಷ ವಿದೇಶಕ್ಕೆ ಹೊರಟಿದ್ದರು. ಇನ್ನೊಂದು ಹೋಫ್ಡ್‌ಡಾರ್ಪ್ ಎಂಬ ಸಮೀಪದ ಊರಿನಲ್ಲಿ, ನೂರಾರು ಮನೆಗಳನ್ನು ಬಾಡಿಗೆಗೆ ಕೊಡುವ ಹೂಡಿಕೆ ಸಂಸ್ಥೆಯದ್ದು. ಬಾಡಿಗೆ ಸುಮಾರು 1,900 ಯೂರೊ, ಕರಾರಿಗೆ ಅವಧಿಯ ಮಿತಿ ಇಲ್ಲ, ಆದರೆ ಮನೆ ‘ಕಾಲ್’, ಅಂದರೆ ಬರಿದು. ಡಚ್ ಬಾಡಿಗೆಯಲ್ಲಿ ಬರಿದು ಮನೆಯೆಂದರೆ ಪೀಠೋಪಕರಣ ಇಲ್ಲ ಎಂಬಷ್ಟೇ ಅಲ್ಲ, ನೆಲಹಾಸೂ ಇರುವುದಿಲ್ಲ. ಬಾಗಿಲು ತೆರೆದರೆ ಸಿಮೆಂಟಿನ ನೆಲ, ಚಾವಣಿಯಿಂದ ಇಳಿಬಿದ್ದ ತಂತಿ, ಪರದೆಯಿಲ್ಲದ ದೊಡ್ಡ ಕಿಟಕಿಗಳು.

ಕೈಗೂಸನ್ನು ಎತ್ತಿಕೊಂಡು ಸಿಮೆಂಟಿನ ನೆಲ ನೋಡಿದ ತಾಯಿಗೆ ಅಲ್ಲಿ ಬದುಕು ಆರಂಭಿಸುವ ಧೈರ್ಯ ಬರಲಿಲ್ಲ. ಮೊದಲ ಮನೆಯನ್ನೇ ಆರಿಸಿದರು. ಏಜೆಂಟ್ ಶುಕ್ರವಾರ ಸಂಜೆ ಡಚ್ ಭಾಷೆಯ ಕರಾರು ಕಳುಹಿಸಿ, ಸೋಮವಾರದೊಳಗೆ ಸಹಿ ಬೇಕೆಂದರು. ದಂಪತಿ ಬಾಡಿಗೆ, ಠೇವಣಿ, ನೋಂದಣಿಗೆ ಅನುಮತಿ ಇದೆಯೇ ಎಂಬ ಮೂರನ್ನು ಪರಿಶೀಲಿಸಿದರು. ಠೇವಣಿ ಎರಡು ತಿಂಗಳ ಬಾಡಿಗೆಯಷ್ಟಿತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ಉತ್ತಮ ಬಾಡಿಗೆದಾರಿಕೆ ಕಾಯಿದೆ ಅದಕ್ಕಿಂತ ಹೆಚ್ಚು ಕೇಳಲು ಬಿಡುವುದಿಲ್ಲ. ಏಜೆಂಟ್ ಕೇಳಿದ ಕೆಲವು ನೂರು ಯೂರೊಗಳ ‘ಆಡಳಿತ ಶುಲ್ಕ’ವನ್ನೂ ಕೊಟ್ಟರು. ಒಡೆಯರ ಪರವಾಗಿ ಕೆಲಸ ಮಾಡುವ ಏಜೆಂಟ್ ಬಾಡಿಗೆದಾರರಿಂದ ದಲ್ಲಾಳಿ ಶುಲ್ಕ ಪಡೆಯುವಂತಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಹಳ ಕಾಲದ ನಂತರ ಒಂದು ಪತ್ರ ಬರೆದಾಗ ಆ ಹಣ ಮರುಮಾತಿಲ್ಲದೆ ಹಿಂದಿರುಗಿತು.

ಅವರು ಓದದೆ ಬಿಟ್ಟದ್ದು ಒಂದು ಷರತ್ತನ್ನು. ಡಚ್ಚರು ಅದನ್ನು ‘ಡಿಪ್ಲೊಮಾಟೆನ್ ಕ್ಲೌಸುಲೆ’ ಎನ್ನುತ್ತಾರೆ. ತಾವು ವಾಸಿಸುವ ಮನೆಯನ್ನು ಕೆಲ ಕಾಲ ಬಿಟ್ಟು ಹೋಗುವ ಒಡೆಯರು, ತಿರುಗಿ ಬಂದು ಅಲ್ಲಿಯೇ ವಾಸಿಸುವ ಉದ್ದೇಶವನ್ನು ಕರಾರಿನಲ್ಲೇ ಬರೆದು, ಗೊತ್ತಾದ ಅವಧಿಗೆ ಬಾಡಿಗೆಗೆ ಕೊಟ್ಟಾಗ, ಅವಧಿ ಮುಗಿದ ಮೇಲೆ ಮನೆಯನ್ನು ಮರಳಿ ಪಡೆಯಲು ಅವರಿಗೆ ಕಾನೂನು ಬಲವಾದ ಆಧಾರ ಕೊಡುತ್ತದೆ. ಸಾಮಾನ್ಯವಾಗಿ ಬಾಡಿಗೆದಾರರ ಪರವಾಗಿ ನಿಲ್ಲುವ ಡಚ್ ಕಾನೂನಿನಲ್ಲಿ ಇದೊಂದು ನಿಜವಾದ ಅಪವಾದ. ಅವಧಿ ಮುಗಿಯುವವರೆಗೆ ಎರಡೂ ಪಕ್ಷಗಳು ಕಟ್ಟುಬಿದ್ದಿರುತ್ತವೆ. ಬೇರೆ ಮಾತು ಆಗಿರದಿದ್ದರೆ ಬಾಡಿಗೆದಾರರೂ ನಡುವೆ ಬಿಟ್ಟು ಹೋಗಲಾಗದು. ಈ ಕುಟುಂಬಕ್ಕೆ ಏಜೆಂಟ್ ಬಾಯಲ್ಲಿ ಹೇಳಿದ್ದು, ‘ಎರಡು ವರ್ಷ, ಆಮೇಲೆ ನೋಡೋಣ’ ಎಂದು. ಕಾಗದದಲ್ಲಿ ‘ನೋಡೋಣ’ ಎಂಬುದಕ್ಕೆ ಜಾಗವೇ ಇರಲಿಲ್ಲ.

ನೆಲೆಯೂರಿದ ಬಗೆ

ಆ ಎರಡು ವರ್ಷಗಳಲ್ಲಿ ನಡೆದದ್ದು ಮುಂದಿನ ಸಮಸ್ಯೆಯ ತೂಕವನ್ನು ಹೆಚ್ಚಿಸಿತು. ಮಗ ಮೊದಲ ವರ್ಷ ಹೊಸದಾಗಿ ಬಂದ ಮಕ್ಕಳ ಡಚ್ ಭಾಷಾ ತರಗತಿಯಲ್ಲಿ ಕಲಿತು, 2024ರ ಸೆಪ್ಟೆಂಬರ್‌ನಲ್ಲಿ ಮನೆಯ ಹತ್ತಿರದ ಪ್ರಾಥಮಿಕ ಶಾಲೆಗೆ ಸೇರಿದ. ಮೊದಲ ತಿಂಗಳುಗಳಲ್ಲಿ ಮನೆಗೆ ಬಂದರೆ ತುಟಿ ಬಿಚ್ಚದಿದ್ದ ಹುಡುಗ, ಚಳಿಗಾಲ ಕಳೆಯುವ ಹೊತ್ತಿಗೆ ಬೀದಿಯ ಮಕ್ಕಳೊಂದಿಗೆ ಡಚ್‌ನಲ್ಲಿ ಜಗಳವಾಡುವಷ್ಟು ಹೊಂದಿಕೊಂಡಿದ್ದ.

ನೆರೆಹೊರೆಯೊಂದಿಗಿನ ಸಂಬಂಧವೂ ಸುಲಭಕ್ಕೆ ಬಂದದ್ದಲ್ಲ. ಸಾಲುಮನೆಗಳಲ್ಲಿ ಎರಡು ಮನೆಗಳಿಗೆ ನಡುಗೋಡೆ ಒಂದೇ. ಅಡುಗೆಕಟ್ಟೆಯ ಮೇಲಿನ ಸದ್ದು ಆ ಗೋಡೆಯ ಮೂಲಕ ಆಚೆಗೆ ಹೋಗುತ್ತದೆ. ಬೆಳಿಗ್ಗೆ ಆರೂವರೆಗೆ ಚಟ್ನಿಗೆ ಮಿಕ್ಸಿ ತಿರುಗಿಸುತ್ತಿದ್ದುದನ್ನು ಪಕ್ಕದ ಮನೆಯ ಹಿರಿಯ ಮಹಿಳೆ ಹಲವು ವಾರ ಸಹಿಸಿಕೊಂಡು, ಒಂದು ಮಧ್ಯಾಹ್ನ ಬಾಗಿಲು ತಟ್ಟಿ ನೇರವಾಗಿ ಹೇಳಿದರು. ಪತ್ನಿಗೆ ಮೊದಲು ಅವಮಾನವೆನಿಸಿತು. ಆದರೆ ಆಕೆ ವಾದಕ್ಕಿಳಿಯದೆ, ರುಬ್ಬುವ ಕೆಲಸವನ್ನು ಸಂಜೆಗೆ ಬದಲಿಸಿ, ಮಿಕ್ಸಿಯ ಕೆಳಗೆ ದಪ್ಪನೆಯ ರಬ್ಬರ್ ಹಾಸು ಇಟ್ಟು, ಎರಡು ವಾರದ ನಂತರ ತಾವೇ ಹೋಗಿ ‘ಈಗ ಹೇಗಿದೆ?’ ಎಂದು ವಿಚಾರಿಸಿ ಬಂದರು. ಇಲ್ಲಿ ನೆರೆಯವರು ಮುಖಕ್ಕೆ ಹೇಳುವ ಆಕ್ಷೇಪಣೆಯನ್ನು ದ್ವೇಷವೆಂದು ತಿಳಿಯಬಾರದು. ಹೇಳದೆ ಮನೆಯ ಒಡೆಯರಿಗೆ ಪತ್ರ ಬರೆಯುವ ನೆರೆಯವರಿಗಿಂತ ಇವರು ಎಷ್ಟೋ ಮೇಲು.

ಇಂಥ ಬಡಾವಣೆಯ ‘ಶಾಂತಿ’ಯ ಬಗ್ಗೆ ಇನ್ನೊಂದು ಮಾತು. ಸ್ಕಿಪೊಲ್ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ಯಾವ ರನ್‌ವೇ ಬಳಕೆಯಲ್ಲಿದೆ ಎಂಬುದು ಗಾಳಿಯ ದಿಕ್ಕನ್ನೂ ಅವಲಂಬಿಸುವುದರಿಂದ, ಮನೆ ನೋಡಲು ಹೋದ ದಿನ ನಿಶ್ಶಬ್ದವಾಗಿದ್ದ ತೋಟದ ಮೇಲಿಂದ ಮತ್ತೊಂದು ದಿನ ಒಂದರ ಹಿಂದೊಂದರಂತೆ ವಿಮಾನಗಳು ಹಾದುಹೋಗಬಹುದು. ಒಮ್ಮೆ ನೋಡಿ ಒಪ್ಪಿಕೊಳ್ಳದೆ, ಬೇರೆ ದಿನ ಬೀದಿಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬರುವುದು ಒಳಿತು.

ಸಮಸ್ಯೆ

2025ರ ಮಾರ್ಚ್ ಮೊದಲ ವಾರ ಒಡೆಯರಿಂದ ರಿಜಿಸ್ಟರ್ಡ್ ಪತ್ರ ಬಂತು. ಆಗಸ್ಟ್ 31ಕ್ಕೆ ಅವಧಿ ಮುಗಿಯುತ್ತದೆ, ನಾವು ಕುಟುಂಬ ಸಮೇತ ಮರಳುತ್ತಿದ್ದೇವೆ, ಕರಾರು ಕೊನೆಗೊಳ್ಳುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂಬುದನ್ನು ಆರು ವಾರಗಳೊಳಗೆ ತಿಳಿಸಿ ಎಂಬುದು ಅದರ ಸಾರ. ಪತ್ರ ಕಾನೂನಿನ ಕ್ರಮದಂತೆಯೇ ಇತ್ತು. ಒಡೆಯರು ಕನಿಷ್ಠ ಮೂರು ತಿಂಗಳು, ಬಾಡಿಗೆದಾರರು ಇದ್ದ ಪ್ರತಿ ವರ್ಷಕ್ಕೆ ಒಂದು ತಿಂಗಳು ಸೇರಿಸಿ ಗರಿಷ್ಠ ಆರು ತಿಂಗಳ ಮುನ್ಸೂಚನೆ ಕೊಡಬೇಕು. ಇವರು ಸುಮಾರು ಆರು ತಿಂಗಳೇ ಕೊಟ್ಟಿದ್ದರು.

ಹೊರಗಿನಿಂದ ನೋಡಿದರೆ ಇದು ಮನೆ ಬದಲಿಸುವ ಸಾಮಾನ್ಯ ಪ್ರಸಂಗ. ಆದರೆ ಪತ್ನಿ ನನಗೆ ಹೇಳಿದ ಮಾತಿನಲ್ಲಿ ನಿಜವಾದ ಸಮಸ್ಯೆ ಇತ್ತು: ‘ಮನೆ ಬಿಡೋದು ಕಷ್ಟ ಅಲ್ಲ ಸರ್, ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ, ಅದು ಕಷ್ಟ.’ ಅವರಿಗೆ ಬೇಕಿದ್ದುದು ಆ ಶಾಲೆಗೆ ನಡೆದು ಅಥವಾ ಸೈಕಲ್‌ನಲ್ಲಿ ಹೋಗಬಹುದಾದ ಮನೆ, ಅದೂ ಮತ್ತೆ ಎರಡು ವರ್ಷಕ್ಕೆ ಏಳಬೇಕಾಗಿ ಬರದಂಥದ್ದು. ಬಾಡಿಗೆ ಮನೆಗಳಿಗೆ ಬೇಡಿಕೆ ಮಿತಿಮೀರಿದ್ದ ಆ ಹೊತ್ತಿನಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ದುರ್ಲಭವಾಗಿತ್ತು.

ಹೋರಾಡುವುದೇ, ಒಪ್ಪುವುದೇ

ಮೊದಲ ಆರು ವಾರಗಳ ತೀರ್ಮಾನವೇ ಈ ಪ್ರಕರಣದ ತಿರುವು. ಪರಿಚಯದ ಹಲವರು ಕೊಟ್ಟ ಸಲಹೆ ಒಂದೇ: ಉತ್ತರ ಕೊಡಬೇಡಿ, ಮನೆಯಲ್ಲೇ ಇರಿ, ನ್ಯಾಯಾಧೀಶರು ಹೇಳುವವರೆಗೆ ನಿಮ್ಮನ್ನು ಯಾರೂ ಹೊರಹಾಕಲಾರರು. ಇದರಲ್ಲಿ ಸತ್ಯಾಂಶವಿದೆ. ಬಾಡಿಗೆದಾರರು ಒಪ್ಪದಿದ್ದರೆ ಒಡೆಯರು ನ್ಯಾಯಾಲಯಕ್ಕೆ ಹೋಗಬೇಕು, ಅಂತಿಮ ತೀರ್ಪು ಬರುವವರೆಗೆ ಕರಾರು ಮುಂದುವರಿಯುತ್ತದೆ. ಆದರೆ ಅರ್ಧ ಸತ್ಯವನ್ನು ನಂಬಿ ಆರು ವಾರ ಕೈಕಟ್ಟಿ ಕೂರುವುದು ಎರಡು ಮಕ್ಕಳಿರುವವರಿಗೆ ತರವಲ್ಲ ಎಂದು ನನಗನ್ನಿಸಿತು. ಶುಲ್ಕ ಕೊಟ್ಟು ಬಾಡಿಗೆ ಕಾನೂನಿನ ವಕೀಲರೊಬ್ಬರಿಗೆ ಕರಾರನ್ನು ತೋರಿಸುವಂತೆ ಹೇಳಿದೆ.

ವಕೀಲರು ನೋಡಿದ್ದು ಮೂರು ಸಂಗತಿಗಳನ್ನು: ಒಡೆಯರು ಹಿಂದೆ ಆ ಮನೆಯಲ್ಲಿ ನಿಜವಾಗಿ ವಾಸವಿದ್ದರೇ, ಮರಳಿ ವಾಸಿಸುವ ಷರತ್ತು ಸಹಿಯ ದಿನವೇ ಕರಾರಿನಲ್ಲಿತ್ತೇ, ಈಗ ಅವರು ಬರುತ್ತಿರುವುದು ವಾಸಕ್ಕೋ ಅಥವಾ ಹೆಚ್ಚಿನ ಬಾಡಿಗೆಗೆ ಬೇರೆಯವರಿಗೆ ಕೊಡಲೋ. ಮೂರಕ್ಕೂ ಉತ್ತರ ಒಡೆಯರ ಪರವಾಗಿಯೇ ಇತ್ತು. ಇವುಗಳಲ್ಲಿ ಒಂದಾದರೂ ಅಲುಗಾಡಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು, ಹೋರಾಡಿ ಎಂದೇ ನಾನೂ ಹೇಳುತ್ತಿದ್ದೆ. ವಕೀಲರು ಇನ್ನೊಂದು ಮುಖ್ಯ ವಿಷಯವನ್ನೂ ನೆನಪಿಸಿದರು. ದೊಡ್ಡ ಸಂಸ್ಥೆಗಳು ಮನೆ ಕೊಡುವ ಮುನ್ನ ಈಗಿನ ಒಡೆಯರಿಂದ ಒಂದು ಹೇಳಿಕೆ ಕೇಳುತ್ತವೆ: ಇವರು ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದಾರೆ, ನೆರೆಯವರಿಗೆ ತೊಂದರೆ ಕೊಟ್ಟಿಲ್ಲ ಎಂಬ ಹೇಳಿಕೆ. ನ್ಯಾಯಾಲಯದಲ್ಲಿ ಎದುರಾಳಿಯಾಗಿ ನಿಂತ ಒಡೆಯರಿಂದ ಅದನ್ನು ನಿರೀಕ್ಷಿಸುವುದು ಕಷ್ಟ.

ಆದ್ದರಿಂದ ದಂಪತಿ ಒಪ್ಪಲು ನಿರ್ಧರಿಸಿದರು, ಆದರೆ ಬರಿಗೈಯಲ್ಲಿ ಅಲ್ಲ. ಆಮ್ಸ್ಟೆಲ್‌ವೇನ್ ಇರುವ ಉತ್ತರ ವಲಯದಲ್ಲಿ ಆ ವರ್ಷ ಶಾಲೆಯ ಬೇಸಿಗೆ ರಜೆ ಆಗಸ್ಟ್ 24ಕ್ಕೆ ಮುಗಿಯಲಿತ್ತು. ಕರಾರು ಮುಗಿಯುವುದು 31ಕ್ಕೆ. ಒಡೆಯರಿಗೂ ಶಾಲೆಗೆ ಹೋಗುವ ಮಕ್ಕಳಿದ್ದರು; ಶಾಲೆ ಆರಂಭವಾದ ಒಂದು ವಾರದ ನಂತರ ಮನೆ ಸಿಗುವುದು ಅವರಿಗೂ ಅನುಕೂಲವಲ್ಲ. ಇದನ್ನು ಗಮನಿಸಿದವರು ಪತ್ನಿ. ಹಾಗಾಗಿ ಉತ್ತರದ ಪತ್ರದಲ್ಲಿ ಅವರು ಬರೆದದ್ದು ಹೀಗೆ: ನಾವು ಒಪ್ಪುತ್ತೇವೆ, ಜುಲೈ 1ರ ಬಳಿಕ ಯಾವಾಗ ಬೇರೆ ಮನೆ ಸಿಕ್ಕರೂ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಬಿಡಲು ನಮಗೆ ಅವಕಾಶ ಕೊಡಿ, ಬಾಡಿಗೆ ಹೇಳಿಕೆಯನ್ನು ಈಗಲೇ ಸಹಿ ಮಾಡಿ ಕಳುಹಿಸಿ, ನಿಮಗೂ ಮನೆ ಬೇಗ ಸಿಗಬಹುದು. ಮೂರು ದಿನಗಳಲ್ಲಿ ಎರಡಕ್ಕೂ ಒಪ್ಪಿಗೆ ಬಂತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಅತ್ಯಂತ ಬುದ್ಧಿವಂತಿಕೆಯ ಹೆಜ್ಜೆ ಇದು. ಕಾನೂನಿನಲ್ಲಿ ತಮ್ಮ ಸ್ಥಾನ ದುರ್ಬಲವೆಂದು ತಿಳಿದ ಮೇಲೂ, ತಮ್ಮ ಒಪ್ಪಿಗೆಗೆ ಬೆಲೆಯಿದೆ ಎಂಬುದನ್ನು ಅವರು ಅರಿತರು.

ಎರಡನೆಯ ಹುಡುಕಾಟ

ಈ ನಡುವೆ ಕಾನೂನು ಬದಲಾಗಿತ್ತು. 2024ರ ಜುಲೈ 1ರ ನಂತರದ ಹೊಸ ಕರಾರುಗಳಲ್ಲಿ ಅವಧಿಯ ಮಿತಿಯಿಲ್ಲದ ಬಾಡಿಗೆಯೇ ನಿಯಮ. 2016ರಿಂದ ಬಳಕೆಯಲ್ಲಿದ್ದ ಎರಡು ವರ್ಷಗಳವರೆಗಿನ ತಾತ್ಕಾಲಿಕ ಕರಾರು ಕೆಲವು ಗುಂಪುಗಳಿಗೆ ಮಾತ್ರ ಉಳಿದಿದೆ. ಆದರೆ ಒಡೆಯರು ಮರಳಿ ಬರುವ ಷರತ್ತು ರದ್ದಾಗಿಲ್ಲ. ಆದ್ದರಿಂದ ದಂಪತಿ ಪ್ರತಿ ಜಾಹೀರಾತಿಗೂ ಕೇಳಿದ ಮೊದಲ ಪ್ರಶ್ನೆ, ಈ ಕರಾರು ಯಾವ ಕಾರಣಕ್ಕೆ ಕೊನೆಗೊಳ್ಳಬಹುದು ಎಂಬುದು. ಬಾಡಿಗೆಯ ಮೊತ್ತ ಅದರ ನಂತರ.

ಕಾಗದಗಳನ್ನು ಒಂದೇ ಕಡತವಾಗಿ ಸಿದ್ಧಮಾಡಿ ಇಟ್ಟುಕೊಂಡರು: ಪತಿಯ ಕಂಪನಿ ಕೊಟ್ಟ ಉದ್ಯೋಗ ದೃಢೀಕರಣ, ಇತ್ತೀಚಿನ ಸಂಬಳ ಚೀಟಿಗಳು, ಗುರುತಿನ ಚೀಟಿಯ ಪ್ರತಿ (ಅದರ ಮೇಲಿನ ಬಿಎಸ್‌ಎನ್ ಸಂಖ್ಯೆಯನ್ನು ಮರೆಮಾಡಿ), ಒಡೆಯರ ಹೇಳಿಕೆ. ಮೊದಲ ಎರಡು ಅರ್ಜಿಗಳು ತಿರಸ್ಕೃತವಾದವು. ಒಂದರಲ್ಲಿ ಕಾರಣವೇ ಹೇಳಿರಲಿಲ್ಲ. ಒಡೆಯರು ಅಥವಾ ಏಜೆಂಟರು ವಸ್ತುನಿಷ್ಠ ಮಾನದಂಡಗಳಿಂದ ಆಯ್ಕೆ ಮಾಡಬೇಕು, ಆಯ್ಕೆಯಾಗದವರಿಗೆ ಕಾರಣ ತಿಳಿಸಬೇಕು ಎಂದು ಅದೇ 2023ರ ಕಾಯಿದೆ ಹೇಳುತ್ತದೆ. ದೂರಿದ್ದರೆ ನಗರಸಭೆಯಲ್ಲಿ ಸಲ್ಲಿಸಬಹುದು. ಇವರು ಮೊದಲು ಏಜೆಂಟರಿಗೇ ವಿನಯದಿಂದ ಕಾರಣ ಕೇಳಿ ಬರೆದರು. ಬಂದ ಉತ್ತರ ಉಪಯುಕ್ತವಾಗಿತ್ತು: ಪತ್ನಿಯೂ ಕೆಲಸಕ್ಕೆ ಸೇರಿದ್ದರು, ಆದರೆ ಆ ಕೆಲಸ ನಿಗದಿತ ಅವಧಿಯದ್ದಾದ್ದರಿಂದ ಅವರ ಆದಾಯವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುಂದಿನ ಅರ್ಜಿಗೆ ಪತ್ನಿ ತಮ್ಮ ಕಂಪನಿಯಿಂದ, ಕೆಲಸದ ಗುಣಮಟ್ಟ ಹೀಗೇ ಇದ್ದರೆ ಉದ್ಯೋಗದ ಕರಾರನ್ನು ಖಾಯಂಗೊಳಿಸುವ ಉದ್ದೇಶವಿದೆ ಎಂಬ ಹೇಳಿಕೆಯನ್ನು ಪಡೆದು ಲಗತ್ತಿಸಿದರು.

ಮೇ ತಿಂಗಳಲ್ಲಿ ಮಗನ ಸಹಪಾಠಿಯ ತಂದೆ ಶಾಲೆಯ ಗೇಟಿನ ಬಳಿ, ತಾವು ಮನೆ ಕೊಂಡಿರುವುದಾಗಿಯೂ ಈಗಿನ ಬಾಡಿಗೆ ಮನೆಗೆ ನೋಟಿಸ್ ಕೊಡುತ್ತಿರುವುದಾಗಿಯೂ ಹೇಳಿದರು. ಮನೆ ಹೂಡಿಕೆ ಸಂಸ್ಥೆಯದ್ದು, ಶಾಲೆಯಿಂದ ಎರಡು ಬೀದಿ ಆಚೆ. ಇದನ್ನು ಶಿಫಾರಸು ಎಂದು ಯಾರೂ ಭಾವಿಸಬಾರದು. ಸಂಸ್ಥೆ ತನ್ನ ಕ್ರಮದಂತೆಯೇ ಅರ್ಜಿ ಕರೆಯಿತು. ಪರಿಚಯದಿಂದ ದೊರೆತದ್ದು ಸಮಯ ಮಾತ್ರ. ಮನೆ ಜಾಹೀರಾತಿಗೆ ಬರುವ ಮೊದಲೇ ಅವರು ಸಂಸ್ಥೆಯ ತಾಣದಲ್ಲಿ ಹೆಸರು ನೋಂದಾಯಿಸಿ, ಆದಾಯದ ಷರತ್ತನ್ನು (ಬಾಡಿಗೆಯ ಮೂರೂವರೆ ಪಟ್ಟು ತಿಂಗಳ ಒಟ್ಟು ಆದಾಯ) ಲೆಕ್ಕ ಹಾಕಿ, ಕಡತವನ್ನು ಪೂರ್ಣಗೊಳಿಸಿದ್ದರು. ಜಾಹೀರಾತು ಬಂದ ಗಂಟೆಯೊಳಗೆ ಅರ್ಜಿ ಹೋಯಿತು, ಜೂನ್‌ನಲ್ಲಿ ಮನೆ ಇವರ ಪಾಲಾಯಿತು.

ಬಾಡಿಗೆ ಸುಮಾರು 2,050 ಯೂರೊ. ಕರಾರಿನ ಜೊತೆ ಮನೆಯ ಅಂಕಪಟ್ಟಿಯೂ ಬಂತು. ವಿಸ್ತೀರ್ಣ, ಇಂಧನ ದರ್ಜೆ, ಮನೆಯ ತೆರಿಗೆ ಮೌಲ್ಯ ಮುಂತಾದವುಗಳಿಗೆ ಅಂಕ ಕೊಟ್ಟು ಲೆಕ್ಕ ಹಾಕುವ ಈ ಪಟ್ಟಿಯನ್ನು 2025ರ ಆರಂಭದಿಂದ ಹೊಸ ಕರಾರಿಗೆ ಲಗತ್ತಿಸುವುದು ಕಡ್ಡಾಯ. 186 ಅಂಕಗಳವರೆಗಿನ ಮನೆಗೆ ಆ ವರ್ಷ 1,184.82 ಯೂರೊಗಿಂತ ಹೆಚ್ಚು ಬಾಡಿಗೆ ಕೇಳುವಂತಿರಲಿಲ್ಲ. ಈ ಮನೆಯ ಅಂಕಗಳು ಅದನ್ನು ದಾಟಿದ್ದರಿಂದ ಬಾಡಿಗೆಗೆ ಮಿತಿ ಅನ್ವಯಿಸಲಿಲ್ಲ. ಕರಾರಿಗೆ ಅವಧಿ ಇರಲಿಲ್ಲ, ಮರಳಿ ಬರುವ ಒಡೆಯರೂ ಇರಲಿಲ್ಲ.

ಎರಡು ವರ್ಷಗಳ ಹಿಂದೆ ಅವರನ್ನು ಹೆದರಿಸಿದ್ದ ಸಿಮೆಂಟಿನ ನೆಲವನ್ನು ಈ ಬಾರಿ ಬೇರೆ ರೀತಿಯಲ್ಲಿ ಎದುರಿಸಿದರು. ಬಿಟ್ಟು ಹೋಗುವ ಬಾಡಿಗೆದಾರರಿಂದ ನೆಲಹಾಸು, ಪರದೆಗಳನ್ನು ಹಣ ಕೊಟ್ಟು ಪಡೆಯುವ ರೂಢಿ ಇಲ್ಲಿದೆ. ಆದರೆ ಹಾಗೆ ಪಡೆದ ನೆಲ ಮುಂದೆ ಇವರ ಹೊಣೆಯಾಗುತ್ತದೆ. ಇವರು ಬಿಡುವಾಗ ಸಂಸ್ಥೆ ಅದನ್ನು ಕಿತ್ತು ಸಿಮೆಂಟಿನ ನೆಲ ಕಾಣಿಸಿ ಎಂದು ಕೇಳಬಹುದು. ಇದನ್ನು ತಿಳಿದೇ, ನೆಲ ಉಳಿಸಿಕೊಳ್ಳಲು ಸಂಸ್ಥೆಯ ಲಿಖಿತ ಅನುಮತಿ ಪಡೆದು, ಹಳೆಯ ನೆಲದ ಸ್ಥಿತಿಯ ಫೋಟೊ ತೆಗೆದು, ಆಮೇಲೆ ಹಣ ಕೊಟ್ಟರು. ಮಲಗುವ ಕೋಣೆಗಳಿಗೆ ಮಾತ್ರ ಹೊಸದಾಗಿ ಲ್ಯಾಮಿನೇಟ್ ಹಾಕಿಸಿದರು.

ಫಲದಿಂದ ತಿಳಿಯುವುದು

ಮೊದಲ ಮನೆಯ ಆಯ್ಕೆಯನ್ನು ತಪ್ಪು ಎಂದುಬಿಡಲು ನಾನು ಸಿದ್ಧನಿಲ್ಲ. ಎರಡೇ ವರ್ಷಕ್ಕೆ ಬಂದ ದಂಪತಿಗೆ, ಅಥವಾ ಮಕ್ಕಳು ಇನ್ನೂ ಶಾಲೆಗೆ ಸೇರದವರಿಗೆ, ಮರಳಿ ಬರುವ ಒಡೆಯರ ಸಜ್ಜಾದ ಮನೆ ಒಳ್ಳೆಯ ಆಯ್ಕೆಯೇ. ಬಾಡಿಗೆಯಲ್ಲಿ ತಿಂಗಳಿಗೆ 700 ಯೂರೊ ವ್ಯತ್ಯಾಸವಿದ್ದರೂ, ಸೋಫಾದಿಂದ ಚಮಚದವರೆಗೆ ಎಲ್ಲವನ್ನೂ ಒಮ್ಮೆಗೇ ಕೊಳ್ಳುವ ಭಾರ ತಪ್ಪುತ್ತದೆ. ಆದರೆ ಡಚ್ ಭಾಷಾ ತರಗತಿಯಲ್ಲಿ ಒಂದು ವರ್ಷ ಕಳೆದು ನಂತರ ಬಡಾವಣೆಯ ಶಾಲೆ ಸೇರಬೇಕಾದ ಮಗುವಿರುವ ಮನೆಯವರಿಗೆ, ಎರಡು ವರ್ಷದ ಕರಾರು ಮುಗಿಯುವುದು ಸರಿಯಾಗಿ ಆ ಮಗು ಬೇರು ಬಿಡುವ ಹೊತ್ತಿಗೆ. ಈ ಲೆಕ್ಕವನ್ನು 2023ರ ಆ ಶುಕ್ರವಾರ ಸಂಜೆ ಯಾರಾದರೂ ಅವರಿಗೆ ತೋರಿಸಿದ್ದರೆ, ಎರಡೂ ಮನೆಗಳನ್ನು ಅವರು ಬೇರೆ ಕಣ್ಣಿನಿಂದ ನೋಡುತ್ತಿದ್ದರು. ಹೊಸದಾಗಿ ಬರುವವರಿಗೆ ದಿನಸಿ ಅಂಗಡಿ, ದೇವಸ್ಥಾನ, ಕ್ರಿಕೆಟ್ ತಂಡಗಳ ಮಾಹಿತಿಯನ್ನು ನಾವು ಧಾರಾಳವಾಗಿ ಕೊಡುತ್ತೇವೆ. ಕರಾರು ಓದಿ ಹೇಳಲು ಒಂದು ಸಂಜೆ ಕೊಡುವವರು ಕಡಿಮೆ. ಡಚ್ ಓದಬಲ್ಲ ಹಳಬರು ಇದನ್ನು ಮಾಡಲೇಬೇಕು ಎಂಬುದು ನನ್ನ ಕಳಕಳಿಯ ಮನವಿ.

ಠೇವಣಿಯ ಲೆಕ್ಕ

ಆಗಸ್ಟ್ ಆರಂಭದಲ್ಲಿ ಮೊದಲ ಮನೆಯ ಕೀಲಿ ಒಪ್ಪಿಸುವಾಗ ಒಡೆಯರ ಪರವಾಗಿ ಬಂದವರು ಎರಡು ಆಕ್ಷೇಪಣೆ ಎತ್ತಿದರು: ಬಿಳಿಯ ಅಡುಗೆಕಟ್ಟೆಯ ಮೇಲೆ ಅರಿಶಿನದ ಕಲೆ ಮತ್ತು ಬಿಸಿ ಪಾತ್ರೆಯ ಗುರುತು, ಹಾಗೂ ಮೆಟ್ಟಿಲ ಬಳಿಯ ಗೋಡೆಯಲ್ಲಿ ಗೀರುಗಳು. ಠೇವಣಿಯಿಂದ ಏನನ್ನೂ ಕಡಿತ ಮಾಡದಿದ್ದರೆ 14 ದಿನಗಳಲ್ಲಿ, ಕಡಿತವಿದ್ದರೆ ಖರ್ಚಿನ ಲಿಖಿತ ವಿವರದೊಂದಿಗೆ 30 ದಿನಗಳಲ್ಲಿ ಒಡೆಯರು ಉಳಿದ ಹಣ ಹಿಂದಿರುಗಿಸಬೇಕು. ಮನೆ ಸೇರಿದ ದಿನದ ಪರಿಶೀಲನಾ ವರದಿಯಲ್ಲಿ ಗೋಡೆಯ ಗೀರುಗಳ ಫೋಟೊ ಇದ್ದುದರಿಂದ ಆ ಆಕ್ಷೇಪಣೆಯನ್ನು ಅಲ್ಲಿಯೇ ಕೈಬಿಡಲಾಯಿತು. ಅಡುಗೆಕಟ್ಟೆಯ ಗುರುತು ಇವರದ್ದೇ. ರಿಪೇರಿ ಮಾಡಿದವರ ಬಿಲ್ಲು ಬಂದ ಮೇಲೆ ಸುಮಾರು 180 ಯೂರೊ ಕಡಿತಕ್ಕೆ ಒಪ್ಪಿಕೊಂಡರು. ಉಳಿದ ಠೇವಣಿ ಗಡುವಿನೊಳಗೆ ಖಾತೆಗೆ ಬಂತು, ಅದರ ಬಹುಪಾಲು ಹೊಸ ಮನೆಯ ಮಲಗುವ ಕೋಣೆಗಳ ನೆಲಕ್ಕೆ ಹೋಯಿತು.